ಲೆಕ್ಕ ಕೇಳಿದ ಸೀಮೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟಿಗರ ಮನೆಗಳಲ್ಲಿ ದಿನಪತ್ರಿಕೆ ಕೈಗೆ ಬಂದೊಡನೆ ದೇಶದ ಸುದ್ದಿಗಿಂತಲೂ ಮೊದಲು ಕಣ್ಣು ಹಾಯುವುದು ಒಳಪುಟದ ಸಣ್ಣ ಅಕ್ಷರಗಳ ಅಡಿಕೆ ಧಾರಣೆಯ ಕಡೆಗೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಚಿಪ್ಪು, ಕೋಕಾ ಎಂಬ ಹೆಸರುಗಳ ಎದುರಿಗೆ ಕನಿಷ್ಠ, ಗರಿಷ್ಠ, ಸರಾಸರಿ ಎಂದು ನಿಂತಿರುವ ಆ ಅಂಕೆಗಳನ್ನು ನೋಡುತ್ತಲೇ ಕೊನೆ ಕೊಯ್ಯುವ ಕೊನೆಗೌಡನ ಕೂಲಿ, ಸೊಸೈಟಿಯ ಸಾಲದ ಕಂತು, ಮಗನ ಕಾಲೇಜಿನ ಶುಲ್ಕ, ಬರಲಿರುವ ಮದುವೆಯ ವೆಚ್ಚ ಇವೆಲ್ಲವನ್ನೂ ಮನಸ್ಸಿನಲ್ಲಿಯೇ ಕೂಡಿಸಿ ಕಳೆಯುವ ಅಭ್ಯಾಸ ಇಲ್ಲಿಯ ಜನಕ್ಕೆ ತಲೆಮಾರುಗಳಿಂದ ಬಂದದ್ದು. ಇಷ್ಟು ಆಸಕ್ತಿಯಿಂದ ಅಂಕೆಗಳನ್ನು ಓದುವ ಸೀಮೆ ನಮ್ಮ ನಾಡಿನಲ್ಲಿ ವಿರಳವೆಂದೇ ನಾನು ಭಾವಿಸಿದ್ದೇನೆ. ಆದರೆ ಓದುವುದು ಬೇರೆ, ಓದಿದ್ದನ್ನು ಪ್ರಶ್ನಿಸುವುದು ಬೇರೆ. ಈ ಎರಡನೆಯ ವಿದ್ಯೆಯೂ ಇದೇ ಸೀಮೆಯಲ್ಲಿ ಒಮ್ಮೆ ಬಹು ದೊಡ್ಡ ಪ್ರಮಾಣದಲ್ಲಿ ಪ್ರಕಟವಾಗಿತ್ತೆಂಬುದನ್ನೂ, ಅದನ್ನು ನಾವು ದಿನನಿತ್ಯದ ವ್ಯವಹಾರದಲ್ಲಿ ಉಳಿಸಿಕೊಳ್ಳಬೇಕಾದ ಅಗತ್ಯವನ್ನೂ ನಿವೇದಿಸುವುದು ಈ ಲೇಖನದ ಉದ್ದೇಶ.

ಮೊದಲು ಧಾರಣೆಯನ್ನೇ ತೆಗೆದುಕೊಳ್ಳೋಣ. ಮಾರುಕಟ್ಟೆಯ ಪ್ರಾಂಗಣದಲ್ಲಿ ಚೀಲ ಬಿಚ್ಚಿ ಸುರಿದ ಅಡಿಕೆಯ ಗುಪ್ಪೆಗಳ ನಡುವೆ ಖರೀದಿದಾರರು ಬಾಗಿ, ಹಿಡಿಯಷ್ಟನ್ನು ಅಂಗೈಯಲ್ಲಿ ಹರಡಿಕೊಂಡು, ಒಂದೆರಡನ್ನು ಅಡಕತ್ತರಿಯಿಂದ ಇಬ್ಭಾಗ ಮಾಡಿ, ಒಳಗಿನ ಬಣ್ಣವನ್ನೂ ಒಣಗಿದ ಹದವನ್ನೂ ಪರೀಕ್ಷಿಸಿ, ಟೆಂಡರಿನಲ್ಲಿ ತಮ್ಮ ದರವನ್ನು ನಮೂದಿಸುತ್ತಾರೆ. ಆ ದಿನ ನೂರಾರು ಗುಪ್ಪೆಗಳು ಮಾರಾಟವಾಗಿದ್ದು, ಅವುಗಳಲ್ಲಿ ಒಂದೇ ಒಂದು ಗುಪ್ಪೆ, ಅದೂ ಎರಡು ಮೂರು ಚೀಲದ್ದು, ಅಸಾಧಾರಣವಾದ ಬಣ್ಣದಿಂದ ಯಾರದೋ ಕಣ್ಣಿಗೆ ಬಿದ್ದು ಹೆಚ್ಚಿನ ಬೆಲೆ ಪಡೆದಿದ್ದರೆ, ಮರುದಿನದ ಪತ್ರಿಕೆಯಲ್ಲಿ ‘ಗರಿಷ್ಠ’ ಎಂಬ ಸ್ಥಾನದಲ್ಲಿ ಅಚ್ಚಾಗುವುದು ಅದೇ ಬೆಲೆ; ಅಡಿಕೆ ಇಷ್ಟು ಸಾವಿರ ದಾಟಿತೆಂಬ ಶೀರ್ಷಿಕೆಗೆ ಆಧಾರವಾಗುವುದೂ ಅದೇ. ಅದರಲ್ಲಿ ಅಸತ್ಯವೇನೂ ಇಲ್ಲ. ಆದರೂ ಆ ಒಂದು ಅಂಕೆಯ ಬಲದ ಮೇಲೆ, ಅಡಿಕೆಯವರಿಗೇನು ಕೊರತೆ ಎಂಬ ಮಾತು ಘಟ್ಟದ ಮೇಲೂ ಕೆಳಗೂ ಹರಡುತ್ತದೆ; ಬೆಟ್ಟೆ, ಗೋಟು, ಚಿಪ್ಪುಗಳೆಲ್ಲ ಬೆರೆತ ತನ್ನ ಫಸಲನ್ನು ಮಾರಿ ಬಂದ ಒಂದೆಕರೆ ತೋಟದ ಒಡೆಯನು, “ತಮಾ, ಪೇಪರಿನ ದರ ಯಂಗಕ್ಕೆ ಯಾವತ್ತು ಸಿಕ್ಕಿದ್ದು?” ಎಂದು ಮನೆಯಲ್ಲಿ ಕೇಳುವುದು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ.

‘ಸರಾಸರಿ’ ಎಂಬುದು ಇದಕ್ಕಿಂತ ಸೂಕ್ಷ್ಮವಾದ ಪದ. ಉದಾಹರಣೆಗೆಂದು ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ: ಒಂದು ದಿನ ಒಂದು ಕ್ವಿಂಟಲ್ ಅಡಿಕೆ 52,000 ರೂಪಾಯಿಗೂ, ಒಂಬತ್ತು ಕ್ವಿಂಟಲ್ ಅಡಿಕೆ 44,000 ರೂಪಾಯಿಯ ದರದಲ್ಲಿಯೂ ಮಾರಾಟವಾಯಿತೆನ್ನೋಣ. ಎರಡು ದರಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸರಾಸರಿ 48,000; ತೂಕಕ್ಕೆ ತಕ್ಕ ಪ್ರಾಧಾನ್ಯ ಕೊಟ್ಟು ಲೆಕ್ಕ ಹಾಕಿದರೆ 44,800; ಅತಿ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೆಂದು ಕೇಳಿದರೆ 44,000. ಮೂರೂ ಸತ್ಯವಾದ ಅಂಕೆಗಳೇ. ಮೂರಕ್ಕೂ ವ್ಯವಹಾರದಲ್ಲಿ ಸರಾಸರಿಯೆಂಬ ಹೆಸರು ಸಲ್ಲುವುದುಂಟು. ಕೇಂದ್ರ ಸರ್ಕಾರದ ಕೃಷಿ ಮಾರುಕಟ್ಟೆಯ ಜಾಲವಾದ ಅಗ್‌ಮಾರ್ಕ್‌ನೆಟ್ ತನ್ನ ಮೂರನೆಯ ಕಲಮಿನಲ್ಲಿ ಕೊಡುವುದು ಈ ಮೂರನೆಯ ಬಗೆಯ, ಅಂದರೆ ಹೆಚ್ಚಿನ ವಹಿವಾಟು ನಡೆದ ದರವನ್ನು. ಪತ್ರಿಕೆಯ ಅಂಕಣದಲ್ಲಿರುವುದು ಯಾವುದೆಂದು ಅಂಕಣ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಕ್ವಿಂಟಲಿಗೆ ನಾಲ್ಕು ಸಾವಿರ ರೂಪಾಯಿಯ ಅಂತರವು ಒಂದು ಪದದ ಮರೆಯಲ್ಲಿ ಅಡಗಿ ಕುಳಿತಿರಬಲ್ಲದೆಂಬುದನ್ನು ಅರಿತವನು ಆ ಪದವನ್ನು ಪ್ರಶ್ನಿಸದೆ ಬಿಡಲಾರನು.

ಮಳೆಯ ವಿಷಯದಲ್ಲಿ ಈ ಅಂತರ ಇನ್ನೂ ತೀಕ್ಷ್ಣವಾಗಿ ಬಾಧಿಸುತ್ತದೆ. ಶಿರಸಿ ತಾಲೂಕೆಂಬುದು ಆಡಳಿತಕ್ಕೆ ಒಂದೇ ಘಟಕವಾದರೂ ಮುಗಿಲಿನ ದೃಷ್ಟಿಯಲ್ಲಿ ಒಂದಲ್ಲ: ಪಶ್ಚಿಮದಲ್ಲಿ ದೇವಿಮನೆ ಘಟ್ಟದ ಅಂಚಿನಲ್ಲಿ ಸುರಿಯುವ ಮಳೆಗೂ, ಪೂರ್ವದಲ್ಲಿ ಭತ್ತದ ಬಯಲಿನ ಬನವಾಸಿಯಲ್ಲಿ ಬೀಳುವ ಮಳೆಗೂ ಹೋಲಿಕೆಯೇ ಇಲ್ಲ. ಸಿದ್ದಾಪುರದಲ್ಲಿಯೂ ನಿಲ್ಕುಂದದ ಕಡೆಯ ಘಟ್ಟದ ಮಳೆಯನ್ನೂ ಸೊರಬದ ಸೆರಗಿನ ಊರುಗಳ ಮಳೆಯನ್ನೂ ಕೂಡಿಸಿ ಭಾಗಿಸಿದಾಗ ದೊರೆಯುವ ‘ತಾಲೂಕಿನ ಸರಾಸರಿ ಮಳೆ’ ಎಂಬುದು ಆ ಎರಡು ಕಡೆಗಳಲ್ಲಿ ಎಲ್ಲಿಯೂ ಬೀಳದ ಮಳೆ. ಇನ್ನು ‘ವಾಡಿಕೆಯಷ್ಟು ಮಳೆ’ ಎಂಬ ನುಡಿ. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ದೀರ್ಘಕಾಲದ ಸರಾಸರಿಗಿಂತ ನೂರಕ್ಕೆ 19ರಷ್ಟು ಹೆಚ್ಚು ಅಥವಾ ಅಷ್ಟೇ ಕಡಿಮೆ ಬಿದ್ದ ಮಳೆಯೆಲ್ಲ ವಾಡಿಕೆಯ ಮಳೆಯೇ. ಸರಾಸರಿ 1,000 ಮಿಲಿಮೀಟರ್ ಇರುವಲ್ಲಿ 810 ಬಿದ್ದರೂ ವಾಡಿಕೆ, 1,190 ಬಿದ್ದರೂ ವಾಡಿಕೆ. ‘ಮಳೆಯ ದಿನ’ ಎನ್ನಿಸಿಕೊಳ್ಳಲು ಇಪ್ಪತ್ನಾಲ್ಕು ಗಂಟೆಗಳಲ್ಲಿ 2.5 ಮಿಲಿಮೀಟರ್ ಬೀಳಬೇಕು. ಅದಕ್ಕಿಂತ ಕಡಿಮೆ ಜಿನುಗಿ ದಿನವಿಡೀ ಅಂಗಳವನ್ನು ಒಣಗಗೊಡದ ಮಳೆ ಆ ಲೆಕ್ಕದಲ್ಲಿ ಮಳೆಯೇ ಅಲ್ಲ.

ತೋಟಕ್ಕೆ ಬರುವ ಕೊಳೆರೋಗವಾದರೋ ಒಟ್ಟು ಮಳೆಯ ಮೊತ್ತವನ್ನು ಕೇಳಿಕೊಂಡು ಬರುವುದಿಲ್ಲ. ಎಡೆಬಿಡದೆ ತೊಯ್ದಿರುವ ಕೊನೆ, ಬಿಸಿಲು ಕಾಣದ ವಾರಗಳು, ಬೋರ್ಡೋ ದ್ರಾವಣವನ್ನು ಹೊಡೆಯಲು ಒಂದು ಹೊಳವೂ ಸಿಗದ ಆಷಾಢ, ಇವು ಕೊಳೆಗೆ ಬೇಕಾದ ಅನುಕೂಲಗಳು. ಜೂನಿನಿಂದ ಸೆಪ್ಟೆಂಬರಿನವರೆಗಿನ ಮೊತ್ತ ‘ವಾಡಿಕೆ’ಯಂತಿದ್ದ ವರ್ಷದಲ್ಲಿಯೇ ಉದುರಿದ ಎಳೆಗಾಯಿ ಹಾಳೆಯ ಮೇಲೆ ಹಾಸಿ ಬಿದ್ದಿರಬಹುದು. ಅಡಿಕೆ ಮತ್ತು ಕಾಳುಮೆಣಸಿನ ಬೆಳೆಗಾರರಿಗಿರುವ ಹವಾಮಾನಾಧಾರಿತ ಬೆಳೆವಿಮೆಯಲ್ಲಿ ಪರಿಹಾರವು ನಿರ್ಣಯವಾಗುವುದು ಮರದ ಮೇಲಿನ ಕೊನೆಯನ್ನು ನೋಡಿ ಅಲ್ಲ, ಗ್ರಾಮ ಪಂಚಾಯತದ ಮಟ್ಟದಲ್ಲಿ ನೆಟ್ಟ ಮಳೆಮಾಪಕದ ಅಂಕೆಯನ್ನು ನೋಡಿ. ಕಂಬದ ತುದಿಯ ಒಂದು ಪಾತ್ರೆ ಹಿಡಿದ ನೀರು ಇಡೀ ಪಂಚಾಯತದ ನೂರಾರು ಕುಟುಂಬಗಳ ಭಾಗ್ಯವನ್ನು ನಿರ್ಧರಿಸುತ್ತದೆ. ಹೀಗಿರುವಾಗ ಮಾಪಕ ಎಲ್ಲಿದೆ, ಅದರ ಮೇಲೆ ಮರದ ಹೆಣೆ ಚಾಚಿದೆಯೇ, ಅದು ಕೆಟ್ಟು ನಿಂತ ದಿನಗಳಿಗೆ ಯಾವ ಊರಿನ ಅಂಕೆಯನ್ನು ತಂದು ತುಂಬಲಾಯಿತು ಎಂದು ಬೆಳೆಗಾರರು ಕೇಳಿದ್ದಾರೆ. ಕೇಳಿದ್ದು ಸರಿಯಾಗಿಯೇ ಇದೆ. ಆ ಅಂಕೆ ಅವರ ಪಾಲಿಗೆ ನ್ಯಾಯಾಧೀಶನ ಸ್ಥಾನದಲ್ಲಿ ಕುಳಿತಿರುವಾಗ ಅದರ ಹುಟ್ಟನ್ನು ವಿಚಾರಿಸುವ ಹಕ್ಕು ಅವರಿಗುಂಟು.

ಉತ್ತರ ಕನ್ನಡದ ಬಗ್ಗೆ ಹೊರಗಿನವರು ಮೊದಲು ಹೇಳುವ ಅಂಕೆಯೆಂದರೆ, ಜಿಲ್ಲೆಯ ನೂರಕ್ಕೆ ಎಂಬತ್ತರಷ್ಟು ಭಾಗ ಕಾಡು ಎಂಬುದು. ಎಷ್ಟೋ ಭಾಷಣಗಳು ಇದರಿಂದಲೇ ಆರಂಭವಾಗುತ್ತವೆ. ಕಾಡು ಇಷ್ಟಿರುವಾಗ ಒಂದು ಯೋಜನೆಗೆ ಒಂದಿಷ್ಟು ಹೋದರೇನು ಎಂಬ ವಾದವೂ, ಜನರೇಕೆ ಇಲ್ಲಿ ಸಾಗುವಳಿ ಮಾಡಬೇಕೆಂಬ ವಾದವೂ, ಪರಸ್ಪರ ವಿರುದ್ಧವಾಗಿದ್ದರೂ, ಇದೇ ಅಂಕೆಯನ್ನು ಆಶ್ರಯಿಸುತ್ತವೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 1987ರಿಂದ ಪ್ರಕಟಿಸುತ್ತ ಬಂದಿರುವ ವರದಿಗಳಲ್ಲಿ ‘ಅರಣ್ಯಾಚ್ಛಾದನೆ’ ಎಂದರೆ ಏನೆಂಬುದಕ್ಕೆ ಸ್ಪಷ್ಟವಾದ ಲಕ್ಷಣವಿದೆ: ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ, ಆಕಾಶದಿಂದ ನೋಡಿದಾಗ ನೂರರಲ್ಲಿ ಹತ್ತರಷ್ಟು ನೆಲವನ್ನಾದರೂ ಮರಗಳ ತಲೆ ಮುಚ್ಚಿದ್ದರೆ ಸಾಕು, ನೆಲ ಯಾರದೆಂಬುದೂ, ಮರ ಯಾವುದೆಂಬುದೂ ಪ್ರಶ್ನೆಯಲ್ಲ. ಈ ಲಕ್ಷಣದ ಪ್ರಕಾರ ಅಕೇಸಿಯಾ ನೆಡುತೋಪು, ಸಾಗುವಾನಿಯ ಸಾಲುಗಳು, ಗೇರು ತೋಪು, ನಮ್ಮ ಅಡಿಕೆ ತೋಟ, ಕತ್ತಲೆಕಾನು ಎಲ್ಲವೂ ಒಂದೇ ಮೊತ್ತದೊಳಗೆ ಸೇರಬಲ್ಲವು. ಉಪಗ್ರಹದ ಕಣ್ಣು ಹಸಿರನ್ನು ನೋಡುತ್ತದೆ. ಆ ಹಸಿರಿನ ಅಡಿಯಲ್ಲಿ ಝರಿ ಹುಟ್ಟುತ್ತದೆಯೇ, ಸಿಂಗಳೀಕ ಬದುಕುತ್ತದೆಯೇ, ಉಪ್ಪಾಗೆ ಮುರುಗಲು ಬೆಳೆಯುತ್ತವೆಯೇ ಎಂಬುದನ್ನು ಅದು ಹೇಳಲಾರದು, ಹೇಳುವೆನೆಂದು ಆ ವರದಿಯೂ ವಾಗ್ದಾನ ಮಾಡಿಲ್ಲ. ಇಲ್ಲಿ ದೋಷವಿರುವುದು ವರದಿಯಲ್ಲಿ ಅಲ್ಲ, ಲಕ್ಷಣವನ್ನು ಬಿಟ್ಟು ಮೊತ್ತವನ್ನು ಮಾತ್ರ ಹೊತ್ತು ತಿರುಗುವ ನಮ್ಮ ಮಾತಿನಲ್ಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಟಿ. ವಿ. ರಾಮಚಂದ್ರ ಮತ್ತು ಅವರ ಸಹೋದ್ಯೋಗಿಗಳು ಬೇರೊಂದು ಪ್ರಶ್ನೆಯನ್ನು ಕೇಳಿದರು: ಈ ಜಿಲ್ಲೆಯಲ್ಲಿ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣದ ಕಾಡು ಎಷ್ಟು ಉಳಿದಿದೆ? ಅವರ ಲೆಕ್ಕದಲ್ಲಿ 1973ರಲ್ಲಿ ನೂರಕ್ಕೆ 67ಕ್ಕೂ ಮಿಕ್ಕು ಇದ್ದ ಆ ಕಾಡು 2013ರ ಹೊತ್ತಿಗೆ ನೂರಕ್ಕೆ 32ರಷ್ಟಕ್ಕೆ ಇಳಿದಿತ್ತು. ಎಂಬತ್ತೂ ಮೂವತ್ತೆರಡೂ ಒಂದೇ ಜಿಲ್ಲೆಯ ಅಂಕೆಗಳು. ಪ್ರಶ್ನೆ ಬೇರೆಯಾದುದರಿಂದ ಉತ್ತರ ಬೇರೆಯಾಯಿತು. ಅಂಕೆಯನ್ನು ಉಲ್ಲೇಖಿಸುವವನು ಆ ಅಂಕೆ ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನೂ ಜೊತೆಯಲ್ಲಿ ಹೇಳತಕ್ಕದ್ದು ಎಂಬ ಒಂದು ನಿಯಮವನ್ನು ಶಾಲೆಯ ಗಣಿತದ ಪಾಠದಲ್ಲಿಯೇ ಸೇರಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಕಾಡಿನ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಬಿದಿರಿಗಿಂತ ದೊಡ್ಡ ಸಾಕ್ಷಿ ಬೇಡ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾದಾಗ ಈ ಜಿಲ್ಲೆಯ ಬಿದಿರು ಎಂದೆಂದಿಗೂ ಸಾಲುವಷ್ಟಿದೆಯೆಂಬ ಅಂದಾಜು ಕಡತದಲ್ಲಿತ್ತು. ಇಪ್ಪತ್ತು ವರ್ಷ ತುಂಬುವ ಮೊದಲೇ ಮೇದಾರರಿಗೆ ಹೆಡಿಗೆ, ಬುಟ್ಟಿ, ಮೊರ ಹೆಣೆಯಲು ಬಿದಿರಿಲ್ಲದಂತಾಯಿತು. ಅವರ ದೂರಿನ ಹಿನ್ನೆಲೆಯಲ್ಲಿ 1970ರ ದಶಕದ ನಡುವೆ ರಾಜ್ಯ ಸರ್ಕಾರದ ಕೋರಿಕೆಯ ಮೇರೆಗೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಕಾಡಿಗೆ ಬಂದು ಪರಿಶೀಲಿಸಿದಾಗ, ಕಡತದ ಅಂದಾಜು ನೆಲದ ಮೇಲಿನ ಬಿದಿರಿಗಿಂತ ಹಲವು ಪಟ್ಟು ಹೆಚ್ಚಿನದೆಂದು ಕಂಡಿತು. ಬಿದಿರು ಚೆನ್ನಾಗಿ ಬೆಳೆಯಲೆಂದು ಹಿಂಡಿಲಿನ ಬುಡದ ಮುಳ್ಳುಗಳನ್ನು ಸವರುವ ಪದ್ಧತಿಯನ್ನು ಅರಣ್ಯ ಇಲಾಖೆ ಅನುಸರಿಸುತ್ತಿತ್ತು. ಹಾಗೆ ಸವರಿದ ಮೇಲೆ ಎಳೆಯ ಕಳಲೆಯನ್ನು ಮುಳ್ಳುಹಂದಿಯೂ ಮಂಗವೂ ದನವೂ ತಿಂದುಬಿಡುತ್ತವೆಂದು ಹಳ್ಳಿಯವರು ಗಾಡ್ಗೀಳರಿಗೆ ಹೇಳಿದರು, ಪರೀಕ್ಷಿಸಿದಾಗ ಅದೇ ನಿಜವಾಯಿತು. ಅಕ್ಷರವಿಲ್ಲದವರ ಲೆಕ್ಕ ಸರಿಯಾಗಿತ್ತು, ಮೊಹರು ಬಿದ್ದ ಲೆಕ್ಕ ತಪ್ಪಾಗಿತ್ತು.

ಈಗ, ಆರಂಭದಲ್ಲಿ ಸೂಚಿಸಿದ ಆ ದೊಡ್ಡ ಪ್ರಸಂಗಕ್ಕೆ ಬರುತ್ತೇನೆ. ಧಾರವಾಡದ ಕಡೆ ಹುಟ್ಟಿ, ಯಲ್ಲಾಪುರದ ಕಾಡುಗಳ ನಡುವೆ ಹರಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಸೀಮೆಯಲ್ಲಿ ಕಡಲನ್ನು ಸೇರುವ ಬೇಡ್ತಿ ನದಿಗೆ ಮಾಗೋಡಿನ ಸಮೀಪದಲ್ಲಿ ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆ 1970ರ ದಶಕದ ಕೊನೆಗೆ ಮುಂದೆ ಬಂದಿತು. ಮುಳುಗಡೆಯ ರೇಖೆಯೊಳಗೆ ಸೇರಿದ ಊರುಗಳಲ್ಲಿ ತಲೆಮಾರುಗಳ ಅಡಿಕೆ ತೋಟಗಳಿದ್ದವು. ಅಂಥ ಸಂದರ್ಭದಲ್ಲಿ ಜನ ಸಾಮಾನ್ಯವಾಗಿ ಮಾಡುವುದು ಮನವಿ, ಮೆರವಣಿಗೆ, ಧರಣಿಗಳನ್ನು. ಅವೂ ನಡೆದವು. ಆದರೆ ಇಲ್ಲಿಯ ತೋಟಿಗರು ಅಷ್ಟಕ್ಕೆ ನಿಲ್ಲದೆ ಮತ್ತೊಂದು ಕೆಲಸ ಮಾಡಿದರು. ಯೋಜನೆಯ ಲಾಭ ವೆಚ್ಚದ ಪತ್ರಿಕೆಯನ್ನೇ ಕೈಗೆತ್ತಿಕೊಂಡು, ಅದರ ಒಂದೊಂದು ಕಲಮಿನ ಎದುರಿಗೂ ಪ್ರಶ್ನೆಯಿಟ್ಟರು.

ಈ ಕಾರ್ಯದ ಹೊಣೆ ಹೊತ್ತದ್ದು ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ, ಜನ ಟಿ.ಎಸ್.ಎಸ್. ಎಂದು ಕರೆಯುವ ಸಂಸ್ಥೆ. ಮಧ್ಯವರ್ತಿಗಳ ತಕ್ಕಡಿಯನ್ನೂ ಲೆಕ್ಕವನ್ನೂ ನಂಬಿ ಕೆಟ್ಟ ಬೆಳೆಗಾರರು ತಮ್ಮ ಅಡಿಕೆಯನ್ನು ತಾವೇ ತೂಗಿ ತಾವೇ ಮಾರುವುದಕ್ಕಾಗಿ 1923ರಲ್ಲಿ ಕಟ್ಟಿಕೊಂಡ ಸಂಘ ಅದು. ಆದುದರಿಂದ ಪರರ ಲೆಕ್ಕವನ್ನು ಪರಿಶೀಲಿಸುವುದು ಅದರ ಜನ್ಮಸ್ವಭಾವವೇ ಆಗಿದ್ದಿತೆನ್ನಬಹುದು. 1981ರ ಜನವರಿಯಲ್ಲಿ ಸಂಘವು ಶಿರಸಿಯಲ್ಲಿ ಒಂದು ವಿಚಾರಗೋಷ್ಠಿಯನ್ನು ಕರೆಯಿತು. ವಿಜ್ಞಾನಿಗಳು, ಎಂಜಿನಿಯರುಗಳು, ಅರ್ಥಶಾಸ್ತ್ರಜ್ಞರು, ಅರಣ್ಯಜ್ಞರು ಬಂದರು. ಮುಳುಗಡೆಯ ಊರುಗಳ ಕೃಷಿಕರೂ ಅವರೊಡನೆ ಕುಳಿತರು. ಅಡಿಕೆ ಮಾರುವ ಒಂದು ಸಹಕಾರ ಸಂಘ ಸರ್ಕಾರದ ಬೃಹದ್ಯೋಜನೆಯ ಗಣಿತವನ್ನು ತಜ್ಞರ ಮುಂದಿಟ್ಟು ಪರೀಕ್ಷೆಗೊಡ್ಡಿದ ಪ್ರಸಂಗ ಭಾರತದಲ್ಲಿ ಅದಕ್ಕೆ ಮೊದಲು ಎಷ್ಟು ನಡೆದಿತ್ತೋ ತಿಳಿಯೆ. ಪರಿಸರ ಚಿಂತನೆಯ ಇತಿಹಾಸದಲ್ಲಿ ಅದಕ್ಕೊಂದು ಗೌರವದ ಸ್ಥಾನ ದೊರೆತಿದೆ. ಗೋಷ್ಠಿಯ ಪ್ರಬಂಧಗಳು ದೊಡ್ಡ ಅಣೆಕಟ್ಟುಗಳ ಬಗೆಗಿನ ಮರುಚಿಂತನೆಯೆಂಬ ಅರ್ಥದ ಶೀರ್ಷಿಕೆಯಲ್ಲಿ ಇಂಗ್ಲಿಷಿನಲ್ಲಿ ಅದೇ ವರ್ಷ ಪುಸ್ತಕವಾಗಿ ಹೊರಬಂದವು.

ಲಾಭ ವೆಚ್ಚದ ಪತ್ರಿಕೆಯನ್ನು ಪ್ರಶ್ನಿಸುವುದೆಂದರೆ ಏನು? ಒಂದು ಎಕರೆ ಅಡಿಕೆ ತೋಟದ ಬೆಲೆಯನ್ನು ನೋಡಿ. ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ. ಕಂಡ ಮೇಲೆ ನಾಲ್ಕೈದು ದಶಕ ಅದು ಕೊಡುತ್ತಲೇ ಹೋಗುತ್ತದೆ. ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನೆರಳಿನ ಏಲಕ್ಕಿ, ನಡುವಿನ ಬಾಳೆ ಇವು ಅದೇ ಎಕರೆಯ ಆದಾಯಗಳು. ಆ ತೋಟಕ್ಕೆ ಸೊಪ್ಪು, ದರಕು, ಗೊಬ್ಬರದ ಮೂಲವಾಗಿರುವ ಸೊಪ್ಪಿನ ಬೆಟ್ಟ ಬೇರೆ. ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತನ್ನು ಆಂಗ್ಲರ ಕಾಲದಲ್ಲಿಯೇ ಮಾನ್ಯ ಮಾಡಲಾಗಿತ್ತು. ಹಾಗಾದರೆ ಮುಳುಗುವುದು ಒಂದು ಎಕರೆಯೇ, ಹತ್ತು ಎಕರೆಯೇ? ಪರಿಹಾರದ ಪಟ್ಟಿಯಲ್ಲಿ ತೋಟವೆಂದು ಬರೆದರೆ ಒಂದು. ಜೀವನವೆಂದು ಬರೆದರೆ ಹತ್ತು. ಕಾಡಿನ ಬೆಲೆಯನ್ನು ಕಡಿದ ನಾಟದ ಬೆಲೆಯೆಂದು ಹಿಡಿಯಬೇಕೋ, ಕಡಿಯದೆ ಬಿಟ್ಟರೆ ಅದು ವರ್ಷವರ್ಷವೂ ಕೊಡುವ ನೀರು, ಜೇನು, ಮುರುಗಲು, ದಾಲ್ಚಿನ್ನಿಗಳನ್ನೂ ಕೂಡಿಸಬೇಕೋ? ನದಿಯಲ್ಲಿ ಇಷ್ಟು ನೀರು ಬರುತ್ತದೆಂಬ ಅಂಕೆ ಎಷ್ಟು ವರ್ಷಗಳ ಅಳತೆಯಿಂದ ಬಂದುದು? ಮಣ್ಣು ತುಂಬಿ ಜಲಾಶಯದ ಆಯುಸ್ಸು ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದಿದೆಯೇ? ಇಂಥ ಪ್ರಶ್ನೆಗಳಲ್ಲಿ ಒಂದೂ ಭಾವಾವೇಶದ್ದಲ್ಲ. ಎಲ್ಲವೂ ಕೂಡಿಸುವ ಕಳೆಯುವ ಪ್ರಶ್ನೆಗಳೇ. ಬಿಟ್ಟುಹೋದ ವೆಚ್ಚಗಳನ್ನು ಪಟ್ಟಿಗೆ ಸೇರಿಸಿ ನೋಡಿದಾಗ ಯೋಜನೆ ಲಾಭದಾಯಕವೆಂಬ ಮಾತು ನಿಲ್ಲಲಿಲ್ಲ. ಸರ್ಕಾರ ಬೇಡ್ತಿ ಯೋಜನೆಯನ್ನು ಬದಿಗಿಟ್ಟಿತು. ಮಾಗೋಡು ಇಂದಿಗೂ ಧುಮುಕುತ್ತಿದೆ.

ಆ ಗೋಷ್ಠಿಯಾಗಿ ಎರಡು ವರ್ಷಗಳ ಬಳಿಕ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದಾಗಲೂ ವಾದದ ಒಂದು ಮುಖ್ಯ ಎಳೆ ಲೆಕ್ಕದ್ದೇ ಆಗಿತ್ತು. ಗುತ್ತಿಗೆದಾರನಿಗೆ ಕಡಿಯಲು ಗುರುತು ಹಾಕಿಕೊಟ್ಟ ಮರಗಳ ಸಂಖ್ಯೆ ಕಾಗದದಲ್ಲಿತ್ತು. ಒಂದು ಹೆಮ್ಮರ ಬೀಳುವಾಗ ಅದರೊಡನೆ ಮುರಿದು ಬೀಳುವ ಗಿಡಗಳ ಸಂಖ್ಯೆಯೂ, ನಾಟವನ್ನು ಎಳೆದು ಲಾರಿಗೆ ಏರಿಸುವ ದಾರಿಯಲ್ಲಿ ನಾಶವಾಗುವ ಸಸಿಗಳ ಸಂಖ್ಯೆಯೂ ಯಾವ ಕಾಗದದಲ್ಲಿಯೂ ಇರಲಿಲ್ಲ. ಅದನ್ನು ನೆಲದ ಮೇಲೆ ನಿಂತು ಎಣಿಸಿದವರು ಹಳ್ಳಿಯ ತರುಣರು, ಹೆಂಗಸರು.

ಬೇಡ್ತಿಯ ಹೆಸರು ಈಗ ಬೇರೆ ರೂಪದಲ್ಲಿ ಮತ್ತೆ ಕೇಳಿಬರುತ್ತಿದೆ. ಬೇಡ್ತಿಯ ನೀರನ್ನು ವರದಾ ನದಿಗೆ ಹರಿಸುವ ಜೋಡಣೆಯ ಪ್ರಸ್ತಾವದಲ್ಲಿ ‘ಹೆಚ್ಚುವರಿ ನೀರು’ ಎಂಬ ಪದವೇ ಆಧಾರಸ್ತಂಭ. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುವ ನೀರು ವ್ಯರ್ಥವಾಗುತ್ತಿದೆಯೆಂಬ ನುಡಿ ಎಷ್ಟು ಸಲ ಪುನರುಕ್ತವಾಗಿದೆಯೆಂದರೆ ಅದನ್ನು ಈಗ ಯಾರೂ ಸಾಧಿಸಬೇಕಾದ ಪ್ರತಿಜ್ಞೆಯೆಂದು ಭಾವಿಸುವುದಿಲ್ಲ, ಸಿದ್ಧಾಂತವೆಂದೇ ಭಾವಿಸುತ್ತಾರೆ. ಯಾರ ಅಗತ್ಯಗಳನ್ನು ಕಳೆದ ಮೇಲೆ ಉಳಿದದ್ದು ಹೆಚ್ಚುವರಿ? ಬೇಸಗೆಯಲ್ಲಿ ಟ್ಯಾಂಕರಿನ ನೀರಿಗೆ ಕಾಯುವ ಇದೇ ಕಣಿವೆಯ ಊರುಗಳನ್ನು ಕಳೆದಿದೆಯೇ? ಗಂಗಾವಳಿಯ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರುಗಳ ಬೆರಕೆಯನ್ನು ನಂಬಿ ಬದುಕುವ ಮೀನುಗಾರರನ್ನು ಕಳೆದಿದೆಯೇ? ಜುಲೈ ತಿಂಗಳ ನೆರೆಯನ್ನೂ ಏಪ್ರಿಲ್ ತಿಂಗಳ ಒಣ ಬಂಡೆಗಳನ್ನೂ ಕೂಡಿಸಿ ಹನ್ನೆರಡರಿಂದ ಭಾಗಿಸಿದ ಹರಿವು ಯಾವ ತಿಂಗಳಿನ ಹರಿವು? ಬಯಲುಸೀಮೆಯ ಬಾಯಾರಿಕೆ ನಿಜವಾದದ್ದು, ಅದಕ್ಕೆ ಉತ್ತರ ಬೇಕೇ ಬೇಕು; ಆದರೆ ಸರಿಯಾಗಿ ಕಳೆಯದ ಲೆಕ್ಕದಿಂದ ಆ ಬಾಯಾರಿಕೆಯೂ ತೀರಲಾರದು.

ಕೆಲವೊಮ್ಮೆ ಅಂಕೆಯೇ ಪದದೊಳಗೆ ಹುದುಗಿರುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಪರಿಶಿಷ್ಟ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರುಗಳಿಂದ ಅರಣ್ಯವಾಸಿಗಳಾಗಿದ್ದು ಜೀವನೋಪಾಯಕ್ಕೆ ಅರಣ್ಯವನ್ನು ಅವಲಂಬಿಸಿರಬೇಕೆಂದಿದೆ; ತಲೆಮಾರೆಂದರೆ 25 ವರ್ಷವೆಂದು ಕಾಯಿದೆಯೇ ಹೇಳಿದೆ. ಮೂರು ತಲೆಮಾರೆಂದರೆ 75 ವರ್ಷ. ಹಿಂದಕ್ಕೆ ಎಣಿಸಿದರೆ 1930. ಆಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1930ರ ದಶಕದ ಆರಂಭದ ಆ ವರ್ಷಗಳಲ್ಲಿಯೇ ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆಯ ಸತ್ಯಾಗ್ರಹ ನಡೆದು, ಹಲವರು ಮನೆಮಾರು ಭೂಮಿಗಳನ್ನು ಜಪ್ತಿಗೆ ಒಪ್ಪಿಸಿದರು. ಆ ಕಾಲದ ಕಾಗದವನ್ನು ಇಂದು ಒಬ್ಬ ಬಡ ಸಾಗುವಳಿದಾರನು ಎಲ್ಲಿಂದ ತರಬೇಕು? ಯಲ್ಲಾಪುರ ತಾಲೂಕಿನ ಕಾಡಂಚಿನಲ್ಲಿ ಸಿದ್ದಿಗಳೂ, ಗೌಳಿಗಳೂ, ಕುಣಬಿಗಳೂ ಅಕ್ಕಪಕ್ಕದಲ್ಲಿ ಬಾಳಿದ್ದಾರೆ. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಬುಡಕಟ್ಟಿನ ಪಟ್ಟಿಗೆ ಸೇರಿದುದರಿಂದ, ನ್ಯಾಯವಾಗಿಯೇ, ಅವರಿಗೆ 75 ವರ್ಷದ ನಿಬಂಧನೆಯಿಲ್ಲ. ಅದೇ ಹಳ್ಳದ ನೀರು ಕುಡಿದ ಗೌಳಿಯ ಕುಟುಂಬಕ್ಕೆ ಉಂಟು. ನಿಯಮಗಳನ್ನು ಮನಸ್ಸಿಟ್ಟು ಓದಿದರೆ ಕಾಗದವೊಂದೇ ಸಾಕ್ಷ್ಯವಲ್ಲ, ಹಳೆಯ ಬಾವಿ, ಸ್ಮಶಾನ, ದೇವರ ಬನ, ಊರ ಹಿರಿಯರು ಹೇಳಿ ಬರೆಸಿದ ಮಾತು ಇವೂ ಸಾಕ್ಷ್ಯಗಳೇ ಎಂದು ಸ್ಪಷ್ಟವಾಗಿದೆ. ಎಪ್ಪತ್ತೈದೆಂಬ ಅಂಕೆ ಎಲ್ಲರ ಬಾಯಲ್ಲಿದೆ, ಈ ಮಾತು ಕೆಲವರಿಗೆ ಮಾತ್ರ ಗೊತ್ತು. ಅರ್ಜಿ ತಿರಸ್ಕೃತವಾದ ಕುಟುಂಬಗಳಲ್ಲಿ ಎಷ್ಟೋ ಇದನ್ನು ಅರಿಯದೆಯೇ ಸೋತಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರೋಗದ ಅಂಕೆಗಳನ್ನೂ ಹೀಗೆಯೇ ಪ್ರಶ್ನಿಸಬೇಕಾಗುತ್ತದೆ; ಮಂಗನ ಕಾಯಿಲೆಯ ಬಗ್ಗೆ ಒಂದೇ ಮಾತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರ ನೆರೆಯ ಸಿದ್ದಾಪುರವನ್ನು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಾಡಿದೆ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂದು ಪುಸ್ತಕಗಳು ಹೇಳುತ್ತವೆ. ಆ ನೂರು ಯಾರು? ರಕ್ತಪರೀಕ್ಷೆಯಲ್ಲಿ ಕಾಯಿಲೆ ಖಚಿತವಾದವರು. ದರಕು ಗುಡಿಸಿ ಬಂದು ಉಣುಗು ಕಚ್ಚಿ ಜ್ವರದಿಂದ ಮಲಗಿ, ಆಸ್ಪತ್ರೆಗೆ ಹೋಗದೆ ಎದ್ದವರು ಛೇದದಲ್ಲಿಲ್ಲ; ಹೋಗದೆ ಸತ್ತವರು ಅಂಶದಲ್ಲಿಯೂ ಇಲ್ಲ.

ಇಷ್ಟನ್ನು ಹೇಳಿದ ಮೇಲೆ, ಅಂಕೆಗಳೆಲ್ಲ ಸುಳ್ಳೆಂಬ ಉದಾಸೀನಕ್ಕೆ ಯಾರೂ ಇಳಿಯಬಾರದೆಂದು ಒತ್ತಿ ಹೇಳಬೇಕಾಗಿದೆ. ಎಲ್ಲ ಲೆಕ್ಕವೂ ಮೋಸವೆನ್ನುವವನು ಲೆಕ್ಕ ಕೇಳುವ ಶ್ರಮದಿಂದ ತಪ್ಪಿಸಿಕೊಳ್ಳುತ್ತಾನೆ. ಅದರಿಂದ ಲಾಭ ಪಡೆಯುವವರು ತಪ್ಪು ಲೆಕ್ಕ ಬರೆದವರೇ. ಬೇಡ್ತಿಯಲ್ಲಿ ಗೆದ್ದವರು ಅಂಕೆಯನ್ನು ತಿರಸ್ಕರಿಸಿದವರಲ್ಲ, ಅದನ್ನು ಅದರ ಕರ್ತೃಗಳಿಗಿಂತ ಹೆಚ್ಚು ಗೌರವದಿಂದ ಓದಿದವರು. ಸ್ಥೂಲವಾದ ಅಂಕೆಗೂ ಅದರದೇ ಉಪಯೋಗವಿದೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನರಿದ್ದರೆ ನಮ್ಮ ಜಿಲ್ಲೆಯಲ್ಲಿ 140 ಜನ ಮಾತ್ರ. ಶಿರಸಿ ಪೇಟೆಯಲ್ಲಾಗಲಿ ಘಟ್ಟದ ಒಂಟಿ ಮನೆಯ ಸುತ್ತಲಾಗಲಿ ಆ 140 ಜನ ಎಲ್ಲಿಯೂ ಸಿಗುವುದಿಲ್ಲವಾದರೂ, ಜನಸಂಖ್ಯೆಯನ್ನು ನೋಡಿ ಶಾಲೆ, ಆಸ್ಪತ್ರೆ, ಬಸ್ಸುಗಳನ್ನು ಕೊಡುವ ಸೂತ್ರ ಬಯಲಿಗೆ ಹೊಂದಿದಂತೆ ಮಲೆನಾಡಿಗೆ ಹೊಂದಲಾರದೆಂದು ವಾದಿಸಲು ಇದೇ ಅಂಕೆ ನಮಗೆ ಬಲವಾಗುತ್ತದೆ.

ಜನಗಣತಿಯ ಮಾತು ಬಂದುದರಿಂದ ಓದುಗರಲ್ಲಿ ಒಂದು ವಿಜ್ಞಾಪನೆ. 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ಮುಂದಿನ ಜನಗಣತಿ ನಡೆಯಬೇಕಾಗಿದೆ. ಹಿಂದಿನ ಗಣತಿಗಳಲ್ಲಿ, ಕಳೆದ ಒಂದು ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿಯ ಕೆಲಸಗಾರರು, ಉಳಿದವರು ಕೆಲಸಗಾರರಲ್ಲದವರು ಎಂದು ಮೂರು ಭಾಗ ಮಾಡುವ ಕ್ರಮವಿತ್ತು. ಸಂಬಳವಿಲ್ಲದೆ ಸ್ವಂತ ಜಮೀನಿನಲ್ಲಿ ಮಾಡಿದ ದುಡಿಮೆಯೂ ಆ ಲಕ್ಷಣದೊಳಗೆ ಕೆಲಸವೇ ಆಗಿತ್ತು. ಆದರೂ ಮನೆಮನೆಯ ಜಗಲಿಯಲ್ಲಿ ನಡೆಯುವ ಸಂಭಾಷಣೆಯನ್ನು ನೀವು ಬಲ್ಲಿರಿ. ಎಣಿಕೆಗೆ ಬಂದ ಶಾಲೆಯ ಅಕ್ಕೋರು ಕೇಳುತ್ತಾರೆ, “ನಿಮ್ಮ ಕೆಲಸ ಏನು ಅಮ್ಮಾ?” ಒಳಬಾಗಿಲಲ್ಲಿ ನಿಂತ ಹೆಂಗಸು ಹೇಳುತ್ತಾಳೆ, “ನಂದೆಂತ ಕೆಲಸ ಅಕ್ಕೋರೇ, ಮನೇಲೇ ಇರೋದು.” ಮನೆಯಲ್ಲೇ ಇರುವ ಆಕೆ ಸುಗ್ಗಿಯ ಮೂರು ತಿಂಗಳು ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದಿದ್ದಾಳೆ, ಬೇಯಿಸಿದ ಅಡಿಕೆಯನ್ನು ಅಟ್ಟದ ಮೇಲೆ ಹರಡಿ, ಮೋಡ ಕವಿದಾಗ ಓಡಿ ಒಳಗೆ ತಂದಿದ್ದಾಳೆ, ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತಿದ್ದಾಳೆ, ಕೊಟ್ಟಿಗೆಯ ಗೊಬ್ಬರವನ್ನು ತೋಟಕ್ಕೆ ಹಾಕಿದ್ದಾಳೆ, ಡೈರಿಗೆ ಹಾಲು ಅಳೆದಿದ್ದಾಳೆ. ಅಕ್ಕೋರು ಬರೆದುಕೊಳ್ಳುವುದು ಕೆಲಸಗಾರಳಲ್ಲ ಎಂದು. ಇಂಥ ಲಕ್ಷೋಪಲಕ್ಷ ಉತ್ತರಗಳು ಕೂಡಿ, ಕೃಷಿಯಲ್ಲಿ ಹೆಂಗಸರ ಪಾಲು ಇಷ್ಟೇ ಎಂಬ ಅಂಕೆಯಾಗಿ, ಯಾವ ಯಂತ್ರಕ್ಕೆ ಸಹಾಯಧನ, ಯಾರಿಗೆ ತರಬೇತಿ, ಯಾರ ಹೆಸರಿಗೆ ಸಾಲ ಎಂಬುದನ್ನು ಮುಂದಿನ ಹತ್ತು ವರ್ಷ ನಿರ್ಧರಿಸುತ್ತವೆ.

ಆದುದರಿಂದ ಈ ಸಲ ಆ ಪ್ರಶ್ನೆ ನಿಮ್ಮ ಜಗಲಿಗೆ ಬಂದಾಗ, ಕೆಲಸವೆಂದು ಯಾವುದನ್ನು ಬರೆದುಕೊಳ್ಳುತ್ತೀರಿ ಎಂದು ಮೊದಲು ಅಕ್ಕೋರನ್ನೇ ಕೇಳಿ. ಕೇಳಿದ ಮೇಲೆ ಮನೆಯ ಗಂಡಸರು ಉತ್ತರಿಸದೆ, ದುಡಿದವರೇ ತಮ್ಮ ವರ್ಷದ ದುಡಿಮೆಯನ್ನು ನೆನೆದು ಹೇಳಲಿ, ಹೇಳಿದ್ದನ್ನು ಬರೆದುಕೊಂಡರೇ ಎಂದು ನೋಡಿಕೊಳ್ಳಲಿ.